ಧಾಟಿ ಹುಡುಕುವವರಿಗೆ

ನನ್ನ ಸುಗಮ ಸಂಗೀತದ ತರಗತಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಬರುತ್ತಾನೆ. ಕಂಠ ಚೆನ್ನಾಗಿದೆ, ಶ್ರುತಿ ಗಟ್ಟಿ. ಭಾನುವಾರಗಳಲ್ಲಿ ಗೃಹಪ್ರವೇಶ, ನಾಮಕರಣ, ಗಣೇಶೋತ್ಸವ ಅಂತ ಕಾರ್ಯಕ್ರಮ ಕೊಡುತ್ತಾನೆ. ಹೋದ ವರ್ಷ ಒಂದು ದಿನ ಪಾಠ ಮುಗಿದ ಮೇಲೂ ಎದ್ದು ಹೋಗದೆ ಕೂತಿದ್ದ. ಏನಪ್ಪಾ ಅಂತ ಕೇಳಿದೆ. "ಮೇಡಂ, ಬೇರೆಯವರ ಧಾಟಿ ಎಷ್ಟು ಬೇಕಾದರೂ ಹಾಡ್ತೀನಿ. ನಂದೇ ಒಂದು ಧಾಟಿ ಕೂಡಿಸೋಣ ಅಂತ ಕೂತರೆ ಏನೂ ಹೊಳೆಯೋದೇ ಇಲ್ಲ. ನನಗೆ ಆ ಸ್ಫೂರ್ತಿ ಇಲ್ವೇನೋ" ಅಂದ.

ಈ ಮಾತನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟೋ ಬಾಯಿಂದ ಕೇಳಿದ್ದೇನೆ. ನನ್ನ ಬಾಯಿಂದಲೇ ಬಂದದ್ದೂ ಉಂಟು. ಅವನಿಗೆ ಆವತ್ತು ಹೇಳಲು ಶುರುಮಾಡಿ, ಮುಂದಿನ ಕೆಲವು ವಾರ ಹೇಳುತ್ತಾ ಹೋದದ್ದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನೀವು ಹಾಡುವವರಾಗಿ, ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ನಾಲ್ಕು ಸ್ವರ ಹುಡುಕಬಲ್ಲವರಾಗಿ, ಕವಿತೆಯೊಂದಕ್ಕೆ ರಾಗ ಸಂಯೋಜನೆ ಮಾಡಬೇಕೆಂಬ ಆಸೆ ಇಟ್ಟುಕೊಂಡವರಾಗಿದ್ದರೆ ಈ ಲೇಖನ ನಿಮಗಾಗಿ. ಹೆಚ್ಚಿನ ಶಾಸ್ತ್ರಜ್ಞಾನವೇನೂ ಬೇಡ. ಒಂದೇ ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು: ಹೊಳೆಯುವುದಕ್ಕೆ ಮುಂಚೆ ಕೇಳಿಸಿಕೊಳ್ಳಬೇಕು. ಧಾಟಿ ಹುಟ್ಟುವುದು ಗಂಟಲಲ್ಲೋ ಬೆರಳಲ್ಲೋ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಹುಟ್ಟುವುದು ಕಿವಿಯಲ್ಲಿ.

ಮೊದಲು ಪದ್ಯವನ್ನು ಓದಿ

ಹೊಸಬರು ಮಾಡುವ ಮೊದಲ ಕೆಲಸ ಹಾರ್ಮೋನಿಯಂ ತೆಗೆದು ಕೂರುವುದು. ಕಣ್ಣು ಪುಸ್ತಕದ ಮೇಲೆ, ಬೆರಳು ಮನೆಗಳ ಮೇಲೆ. ಆಗ ಏನಾಗುತ್ತದೆಂದರೆ, ಬೆರಳಿಗೆ ಅಭ್ಯಾಸವಾದ ಯಾವುದೋ ಹಳೆಯ ಹಾಡಿನ ದಾರಿ ತಾನಾಗಿ ಹರಿದುಬರುತ್ತದೆ. ಪದಗಳನ್ನು ಅದರೊಳಕ್ಕೆ ಒತ್ತಿ ತುಂಬುತ್ತೇವೆ. ಆಮೇಲೆ "ಎಲ್ಲೋ ಕೇಳಿದ ಹಾಗಿದೆಯಲ್ಲ" ಅಂತ ನಮಗೇ ಬೇಸರ.

ಆದ್ದರಿಂದ ಮೊದಲ ಮೂರು ದಿನ ವಾದ್ಯ ಮುಟ್ಟಬೇಡಿ. ಪದ್ಯವನ್ನು ಗಟ್ಟಿಯಾಗಿ ಓದಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ರಾಗ ಎಳೆಯದೆ, ಮನೆಯವರಿಗೆ ಓದಿ ಹೇಳುವ ಹಾಗೆ ಓದಿ. ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ, ಯಾವ ಪದದ ಮೇಲೆ ದನಿ ತಾನಾಗಿ ಏರುತ್ತದೆ, ಎಲ್ಲಿ ತಗ್ಗುತ್ತದೆ ಎಂಬುದನ್ನು ಗಮನಿಸಿ. ಪೆನ್ಸಿಲ್ ತೆಗೆದುಕೊಂಡು ಏರಿದ ಕಡೆ ಮೇಲೊಂದು ಗೀಟು, ಇಳಿದ ಕಡೆ ಕೆಳಗೊಂದು ಗೀಟು ಹಾಕಿ. ಮಾತಿನಲ್ಲೇ ಏರಿಳಿತವಿದೆ. ನಾಲ್ಕನೆಯ ದಿನ ಹಾಳೆ ನೋಡಿದರೆ ನಿಮ್ಮ ಧಾಟಿಯ ಒಂದು ಕಚ್ಚಾ ನಕ್ಷೆ ಅಲ್ಲಿ ಸಿದ್ಧವಾಗಿರುತ್ತದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಮೂವತ್ತರ ವಯಸ್ಸಿನಲ್ಲಿ ಹಿರಿಯ ಕವಿಯೊಬ್ಬರ ಪದ್ಯಕ್ಕೆ ಧಾಟಿ ಮಾಡಿ, ಅವರನ್ನೇ ಎದುರಿಗೆ ಕೂರಿಸಿಕೊಂಡು ಹಾಡಿದೆ. ಪದ್ಯದಲ್ಲಿ "ಮರೆಯಲಾರೆ" ಎಂಬ ಮಾತಿತ್ತು. ನನ್ನ ಧಾಟಿಯಲ್ಲಿ "ಮರೆ" ಎಂಬಲ್ಲಿಗೆ ಸಮ ಬೀಳುತ್ತಿತ್ತು. ಅಲ್ಲಿ ನಿಂತು ಒಂದು ಉದ್ದನೆಯ ಆಲಾಪ ತೆಗೆದು, ಆಮೇಲೆ "ಯಲಾರೆ" ಅಂತ ಮುಂದುವರಿಸಿದೆ. ಜನ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ಕವಿಗಳು ಹತ್ತಿರ ಬಂದು, ಬಹಳ ಮೆಲ್ಲಗೆ, "ಮರೆ ಅಂತ ನಾನು ಬರೆದಿರಲಿಲ್ಲವಲ್ಲಮ್ಮಾ" ಅಂದರು. ನನ್ನ ಆಲಾಪದಷ್ಟು ಹೊತ್ತೂ ಸಭೆಗೆ ಕೇಳಿದ್ದು ಪದ್ಯದ ಅರ್ಥಕ್ಕೆ ತದ್ವಿರುದ್ಧವಾದ ಮಾತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೆಯ ದಿನ ಪದ್ಯವನ್ನು ಓದಲು ಕೂತೆ. "ಮರೆಯಲಾರೆ"ಯಲ್ಲಿ ದನಿ ನಿಲ್ಲಬಯಸುವುದು "ಲಾ" ಎಂಬ ದೀರ್ಘದ ಮೇಲೆ. ಆಗುವುದಿಲ್ಲ ಎಂಬ ನೋವೆಲ್ಲ ಇರುವುದು ಅಲ್ಲಿಯೇ. ಆಲಾಪವನ್ನು ಅಲ್ಲಿಗೆ ಸರಿಸಿದೆ. ಹಾಡು ಬೇರೆಯೇ ಆಯಿತು. ಅದು ನನಗೆ ಹೊಳೆದದ್ದು ಅಂತ ಹೇಳಲಾರೆ, ಪದ್ಯ ಹೇಳಿಕೊಟ್ಟದ್ದು.

ನಡೆ ಕಂಡುಕೊಳ್ಳುವುದು

ಓದುತ್ತಾ ಓದುತ್ತಾ ಇನ್ನೊಂದು ಸಂಗತಿ ಕಿವಿಗೆ ಬೀಳುತ್ತದೆ. ಪದ್ಯಕ್ಕೆ ಅದರದೇ ಹೆಜ್ಜೆ ಇರುತ್ತದೆ. ಇದನ್ನೇ ನಾವು ನಡೆ ಎನ್ನುತ್ತೇವೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯೇ? ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಪರೀಕ್ಷೆಗಾಗಿ ಕಲಿತು ಮರೆತ ಆ ಲೆಕ್ಕ ಧಾಟಿ ಕೂಡಿಸುವವರಿಗೆ ದಿನಬಳಕೆಯ ಸಲಕರಣೆ.

ಒಂದು ಸಣ್ಣ ಉದಾಹರಣೆ ಮಾಡಿ ನೋಡೋಣ. ನಾನೇ ಕಟ್ಟಿದ ಒಂದು ಸಾಧಾರಣ ಸಾಲು:

ಮಳೆಯು ಬಂತು ಮನೆಯ ಮುಂದೆ

ಎಣಿಸಿ. ಮಳೆಯು ಮೂರು, ಬಂತು ಮೂರು, ಮನೆಯ ಮೂರು, ಮುಂದೆ ಮೂರು. ಮೂರು ಮೂರರ ಹೆಜ್ಜೆ. ತೊಡೆಯ ಮೇಲೆ ತಟ್ಟುತ್ತಾ ಹೇಳಿದರೆ ಜೋಕಾಲಿಯ ಹಾಗೆ ತೂಗುತ್ತದೆ. ತಬಲಾದವರು ತಕ್ಷಣ ಆರು ಮಾತ್ರೆಯ ದಾದ್ರಾ ಹಿಡಿಯುತ್ತಾರೆ. ಈಗ ಅದೇ ಮಾತನ್ನು ಸ್ವಲ್ಪ ಬದಲಿಸಿ:

ಮಳೆಯೇ ಬಂದಿತು ಮನೆಯಂಗಳಕೆ

ಇಲ್ಲಿ ನಾಲ್ಕು, ನಾಲ್ಕು, ನಾಲ್ಕು, ಕೊನೆಗೆ ಮೂರು. ಆ ಕೊನೆಯಲ್ಲಿ ಒಂದು ಮಾತ್ರೆ ಖಾಲಿ ಉಳಿಯಿತು. ಉಸಿರಿಗೆ ಜಾಗ ಸಿಕ್ಕಿತು. ನಡಿಗೆ ಸಮವಾಯಿತು. ಇದು ಎಂಟು ಮಾತ್ರೆಯ ಕೆಹರ್ವಾಕ್ಕೆ ಹೇಳಿಮಾಡಿಸಿದ್ದು. ಇನ್ನೊಂದು:

ಮಳೆ ಬಂತು ಮನೆ ಮುಂದೆ

ಎರಡು ಮೂರು, ಎರಡು ಮೂರು. ಐದರ ನಡೆ. ಹಿಂದೂಸ್ತಾನಿಯ ಝಪ್‌ತಾಳದ ಹತ್ತು ಮಾತ್ರೆಗಳ ವಿಭಾಗವೂ ಹೀಗೇ, ಎರಡು ಮೂರು ಎರಡು ಮೂರು. ಕರ್ನಾಟಕ ಸಂಗೀತದವರಿಗೆ ಇದು ಖಂಡಛಾಪು. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿ ನಡೆಯುವುದೂ ಐದೈದು ಮಾತ್ರೆಯ ಗಣಗಳಲ್ಲಿ. ಕೊನೆಯದಾಗಿ:

ಮಳೆಯು ಬಂದಿತು ಮನೆಯ ಮುಂದಕೆ

ಮೂರು ನಾಲ್ಕು, ಮೂರು ನಾಲ್ಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಹೆಜ್ಜೆ. ಗಮಕಿಗಳ ಬಾಯಲ್ಲಿ ಇದನ್ನು ನೀವು ಕೇಳಿಯೇ ಇರುತ್ತೀರಿ. ಮಿಶ್ರಛಾಪು, ರೂಪಕ್, ದೀಪಚಂದಿ ಎಲ್ಲವೂ ಈ ಏಳರ ಮನೆತನಕ್ಕೆ ಸೇರಿದವು.

ಮಳೆ ಒಂದೇ, ಮನೆ ಒಂದೇ. ಆದರೆ ಮೊದಲ ಸಾಲಿನಲ್ಲಿ ಮಗು ಕುಣಿಯುತ್ತಿದೆ, ಎರಡನೆಯದರಲ್ಲಿ ಯಾರೋ ನೆಮ್ಮದಿಯಿಂದ ಜಗಲಿಯಲ್ಲಿ ನಿಂತಿದ್ದಾರೆ, ಮೂರನೆಯದರಲ್ಲಿ ಒಂದು ಅವಸರವಿದೆ, ನಾಲ್ಕನೆಯದು ಕಥೆ ಹೇಳಲು ಹೊರಟಿದೆ. ಇನ್ನೂ ಒಂದು ಸ್ವರವನ್ನೂ ನಾವು ಮುಟ್ಟಿಲ್ಲ. ಆಗಲೇ ನಾಲ್ಕು ಭಾವ ಬಂದವು. ನಿಮ್ಮ ಕೈಯಲ್ಲಿರುವ ಕವಿತೆಯ ನಡೆಯನ್ನು ಹೀಗೆ ಕಂಡುಕೊಂಡರೆ ಅರ್ಧ ಧಾಟಿ ಸಿಕ್ಕಂತೆ. ಕವಿತೆ ಐದರಲ್ಲಿ ನಡೆಯುತ್ತಿರುವಾಗ ಅದನ್ನು ಬಲವಂತವಾಗಿ ಕೆಹರ್ವಾಕ್ಕೆ ಎಳೆದರೆ ಎಲ್ಲೋ ಒಂದು ಅಕ್ಷರ ಅನಾವಶ್ಯಕವಾಗಿ ಉದ್ದವಾಗುತ್ತದೆ. ಕೇಳುಗರಿಗೆ ಕಾರಣ ತಿಳಿಯದಿದ್ದರೂ ಕಿರಿಕಿರಿಯಾಗುತ್ತದೆ. ಬೇಕೆಂದೇ ನಡೆ ಬದಲಿಸುವ ಸ್ವಾತಂತ್ರ್ಯ ನಿಮಗಿದೆ. ಮೊದಲು ಅದರ ಸಹಜ ನಡೆ ಯಾವುದೆಂದು ಗೊತ್ತಿರಬೇಕು, ಅಷ್ಟೆ.

ಐದು ಕಪ್ಪು ಮನೆಗಳು

ಈಗ ಹಾರ್ಮೋನಿಯಂ ಹತ್ತಿರ ಬನ್ನಿ. ಹೊಸಬರನ್ನು ಕಾಡುವ ಭಯ, ನೂರಾರು ರಾಗಗಳಲ್ಲಿ ಯಾವುದನ್ನು ಆರಿಸುವುದು ಎಂಬುದು. ಆಯ್ಕೆ ಹೆಚ್ಚಾದಷ್ಟೂ ಮನಸ್ಸು ಮರಗಟ್ಟುತ್ತದೆ. ಅದಕ್ಕೆ ನಾನು ಕೊಡುವ ಮದ್ದು, ಆಯ್ಕೆಯನ್ನು ಕಡಿಮೆ ಮಾಡಿಬಿಡುವುದು. ಬಿಳಿ ಮನೆಗಳನ್ನು ಮರೆತುಬಿಡಿ. ಕಪ್ಪು ಮನೆಗಳು ಮಾತ್ರ ನಿಮ್ಮವು. ಒಂದು ಸ್ಥಾಯಿಗೆ ಐದೇ ಐದು.

ಎಡಗೈಯಲ್ಲಿ ತಿದಿ ಒತ್ತುತ್ತಾ ಕಪ್ಪು ಮೂರನ್ನು ಷಡ್ಜ ಮಾಡಿಕೊಳ್ಳಿ. ಅಲ್ಲಿಂದ ಕಪ್ಪು ಮನೆಗಳನ್ನಷ್ಟೇ ಏರುತ್ತಾ ಹೋಗಿ. ಸ ರಿ ಗ ಪ ದ. ಇದು ಮೋಹನ, ಉತ್ತರದವರ ಭೂಪ್. ಬೆಳಕಾದ, ತೆರೆದ ರಾಗ. ಸ್ವಲ್ಪ ಹೊತ್ತು ಅಲ್ಲೇ ಆಡಿ. ಈಗ ಷಡ್ಜವನ್ನು ಕಪ್ಪು ನಾಲ್ಕಕ್ಕೆ ಸರಿಸಿ, ಮನೆಗಳು ಅವೇ. ಮಧ್ಯಮಾವತಿಯ ಸ್ವರಗಳು ಕೇಳುತ್ತವೆ, ಕಛೇರಿಯ ಕೊನೆಯಲ್ಲಿ ಮಂಗಳಕ್ಕೆ ಮುಂಚಿನ ಆ ಶಾಂತಿ. ಕಪ್ಪು ಐದರಿಂದ ಹೊರಟರೆ ಹಿಂದೋಳ, ಅಂದರೆ ಮಾಲಕೌಂಸ್. ದನಿ ತಾನಾಗಿ ಗಂಭೀರವಾಗುತ್ತದೆ. ಕಪ್ಪು ಒಂದರಿಂದ ಶುದ್ಧ ಸಾವೇರಿ, ಹಿಂದೂಸ್ತಾನಿಯ ದುರ್ಗಾ. ಕಪ್ಪು ಎರಡರಿಂದ ಶುದ್ಧ ಧನ್ಯಾಸಿ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಗ್ರಹಭೇದ ಎಂದು ಹೆಸರು.

ರಾಗವೆಂದರೆ ಸ್ವರಗಳ ಪಟ್ಟಿ ಮಾತ್ರವಲ್ಲ, ಅದಕ್ಕೆ ಗಮಕವಿದೆ, ಸಂಚಾರವಿದೆ, ನಿಲ್ಲುವ ಜಾಗಗಳಿವೆ. ಅದನ್ನು ಗುರುವಿನ ಎದುರು ಕೂತೇ ಕಲಿಯಬೇಕು. ಆದರೆ ಧಾಟಿ ಹುಡುಕುವವರಿಗೆ ಈ ಐದು ಮನೆಗಳು ಒಂದು ದೊಡ್ಡ ಪಾಠ ಹೇಳುತ್ತವೆ. ಸ್ವರ ಬದಲಾಗಲಿಲ್ಲ, ನಾವು ನಿಂತ ಜಾಗ ಬದಲಾಯಿತು. ಹಾಡಿನ ಮುಖವೇ ಬೇರೆಯಾಯಿತು.

ಅಭ್ಯಾಸ ಹೀಗೆ ಮಾಡಿ. ನಡೆ ಗೊತ್ತಾದ ಒಂದು ಸಾಲನ್ನು ತೆಗೆದುಕೊಂಡು ಐದು ಷಡ್ಜಗಳಲ್ಲಿ ಐದು ಸಲ ಹಾಡಿ. ಒಂದೊಂದಕ್ಕೂ ಐದು ನಿಮಿಷ. ಚೆನ್ನಾಗಿದೆಯೋ ಇಲ್ಲವೋ ಎಂಬ ವಿಚಾರಣೆ ಬೇಡ. ಐದರಲ್ಲಿ ಮೂರು ಸಪ್ಪೆ ಎನಿಸುತ್ತವೆ, ಒಂದು ಪರವಾಗಿಲ್ಲ ಎನಿಸುತ್ತದೆ. ಯಾವುದೋ ಒಂದರಲ್ಲಿ ಒಂದೇ ಒಂದು ತಿರುವು, ಎರಡು ಸ್ವರಗಳ ನಡುವಿನ ಒಂದು ಜಾರು, ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಅದನ್ನು ಬಿಡಬೇಡಿ. ಪಲ್ಲವಿ ಬೆಳೆಯುವುದು ಅಂಥ ಒಂದು ತಿರುವಿನ ಸುತ್ತಲೇ.

ಒಂದು ಕವಿತೆಗೆ ಒಂದೇ ಸರಿಯಾದ ಧಾಟಿ ಇರುತ್ತದೆ, ಅದು ನನಗೆ ಸಿಗುತ್ತಿಲ್ಲ ಎಂಬ ಆತಂಕವನ್ನೂ ಇದು ಕಳೆಯುತ್ತದೆ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ'ಯನ್ನೇ ನೋಡಿ. ಅದಕ್ಕೆ ಮೈಸೂರು ಅನಂತಸ್ವಾಮಿಯವರೂ ಸಿ. ಅಶ್ವತ್ಥ್ ಅವರೂ ಧಾಟಿ ಕೂಡಿಸಿದ್ದಾರೆ. 2004ರಲ್ಲಿ ಅದು ನಾಡಗೀತೆಯಾಯಿತು. ಯಾರ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡಿನ ಅವಧಿಗೆ ನಿಗದಿ ಮಾಡಿತು. ಸಮಾರಂಭಕ್ಕೆ ಒಂದು ಪಾಠ ಬೇಕು, ಅದು ಸರಿ. ಆದರೆ ಕವಿತೆ ಇಬ್ಬರು ದೊಡ್ಡ ಸಂಯೋಜಕರಿಗೆ ಎರಡು ಬಗೆಯಲ್ಲಿ ಕೇಳಿಸಿತು ಎಂಬುದನ್ನು ಕಲಿಯುವವರು ಮರೆಯಬಾರದು. ಮೂರನೆಯ ಬಗೆಯಲ್ಲಿ ನಿಮಗೆ ಕೇಳಿಸಬಹುದಾದ ಕವಿತೆಗಳು ಕನ್ನಡದಲ್ಲಿ ರಾಶಿ ಬಿದ್ದಿವೆ.

ಕಿಟಕಿಯಾಚೆಯ ಹಾಡು

ಪದ್ಯದ ದನಿ, ಸ್ವರದ ದನಿ ಆಯಿತು. ಮೂರನೆಯದು ನಮ್ಮ ಸುತ್ತಲಿನ ದನಿ. ಇದಕ್ಕೆ ನಾನು ಯಾವಾಗಲೂ ಕುಮಾರ ಗಂಧರ್ವರ ಬದುಕನ್ನು ಹೇಳುತ್ತೇನೆ.

ಅವರು ನಮ್ಮ ಬೆಳಗಾವಿ ಜಿಲ್ಲೆಯ ಸೂಳೇಭಾವಿಯವರು. ಹುಟ್ಟಿದ್ದು 1924ರ ಏಪ್ರಿಲ್ 8ರಂದು. ಮನೆಯವರಿಟ್ಟ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ. ಚಿಕ್ಕ ವಯಸ್ಸಿನಲ್ಲೇ ದೊಡ್ಡ ಗಾಯಕರನ್ನು ಹಾಗೆಯೇ ಒಪ್ಪಿಸಿ ಹಾಡುತ್ತಿದ್ದ ಬಾಲಪ್ರತಿಭೆ. ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತು ಹೆಸರು ಮಾಡುತ್ತಿದ್ದಾಗ ಕ್ಷಯರೋಗ ಬಂತು. ಒಣಹವೆಗೆಂದು 1948ರ ಹೊತ್ತಿಗೆ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಇಪ್ಪತ್ತನಾಲ್ಕರ ಹರೆಯ, ಹಾಡುವುದೇ ಬದುಕಾಗಿದ್ದ ಮನುಷ್ಯ, ವರ್ಷಗಟ್ಟಲೆ ಹಾಸಿಗೆಯ ಮೇಲೆ.

ಹಾಡಲಾಗದ ಆ ಕಾಲದಲ್ಲಿ ಅವರು ಕೇಳಿಸಿಕೊಂಡರು. ಮಾಳವ ಪ್ರಾಂತದ ಹೆಂಗಸರು ಹಬ್ಬಕ್ಕೆ, ಮದುವೆಗೆ, ಋತುವಿಗೆ ಹಾಡುವ ಹಾಡುಗಳು ಮನೆಯ ಹೊರಗಿನಿಂದ ಕಿವಿಗೆ ಬೀಳುತ್ತಿದ್ದವು. ನಾಲ್ಕೈದು ಸ್ವರಗಳ ಪುಟ್ಟ ಧಾಟಿಗಳು. ಶಾಸ್ತ್ರೀಯ ಗಾಯಕನೊಬ್ಬ ಹಳ್ಳಿಯ ಹಾಡು ಎಂದು ಬದಿಗೆ ಸರಿಸಬಹುದಾಗಿದ್ದಂಥವು. ಅವರು ಅವನ್ನು ಸಂಗ್ರಹಿಸಿದರು, ಸ್ವರಲಿಪಿಯಲ್ಲಿ ಬರೆದಿಟ್ಟರು, ಈ ಧಾಟಿ ಎಲ್ಲಿಂದ ಏಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬಿಡಿಸಿ ನೋಡಿದರು. ರಾಗದ ಬೀಜ ಲೋಕದ ಧಾಟಿಯಲ್ಲೇ ಅಡಗಿದೆ ಎಂಬುದು ಅವರಿಗೆ ಮನವರಿಕೆಯಾಯಿತು. ಔಷಧದಿಂದ ಗುಣವಾಗಿ 1950ರ ದಶಕದಲ್ಲಿ ಮತ್ತೆ ವೇದಿಕೆ ಏರಿದಾಗ ಅವರ ಸಂಗೀತ ಬೇರೆಯೇ ಆಗಿತ್ತು. ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿಯಂಥ ಹೊಸ ರಾಗಗಳು ಬಂದವು. ಅವರ ರಾಗಗಳು, ಬಂದಿಶ್‌ಗಳು 'ಅನೂಪರಾಗವಿಲಾಸ' ಎಂಬ ಪುಸ್ತಕವಾಗಿ 1965ರಲ್ಲಿ ಪ್ರಕಟವಾದವು. ಒಂದು ಶ್ವಾಸಕೋಶ ಸೋತದ್ದರಿಂದ ಉದ್ದ ಉಸಿರಿನ ಗಾಯನ ಅವರಿಗೆ ಕಷ್ಟವಾಗಿತ್ತು. ಚುರುಕಾದ, ತುಂಡು ತುಂಡಾದ ಸ್ವರಗುಚ್ಛಗಳೇ ಅವರ ಶೈಲಿಯಾಯಿತು.

ಇದನ್ನು ನಾನು ಹೇಳುವುದು ಕಷ್ಟ ಬಂದರೇ ಕಲೆ ಬೆಳೆಯುತ್ತದೆ ಎನ್ನುವುದಕ್ಕಲ್ಲ. ಯಾರಿಗೂ ಅಂಥ ಕಷ್ಟ ಬೇಡ. ಗಮನಿಸಬೇಕಾದದ್ದು ಅವರು ಕಿವಿಗೆ ಬಿದ್ದದ್ದನ್ನು ಏನು ಮಾಡಿದರು ಎಂಬುದನ್ನು: ಬರೆದಿಟ್ಟರು, ಬಿಡಿಸಿದರು, ಅದರ ಒಳಗಿನ ನಿಯಮ ಹುಡುಕಿದರು. ಚೆನ್ನಾಗಿದೆ ಎಂದು ತಲೆದೂಗಿ ಬಿಟ್ಟಿದ್ದರೆ ಅದು ಬರೀ ಸಂತೋಷವಾಗಿ ಉಳಿಯುತ್ತಿತ್ತು.

ನಮ್ಮ ಸುಗಮ ಸಂಗೀತದ ತಾಯಿಬೇರೂ ಹೀಗೇ ಕೇಳಿಸಿಕೊಂಡದ್ದರಲ್ಲಿದೆ. ಪಿ. ಕಾಳಿಂಗರಾಯರು ಕವಿಗಳ ಭಾವಗೀತೆಗಳನ್ನು ಹಾಡಿದ ಅದೇ ಕಂಠದಲ್ಲಿ 'ಮೂಡಲ್ ಕುಣಿಗಲ್ ಕೆರೆ'ಯಂಥ ಜನಪದ ಹಾಡನ್ನೂ ಹಾಡಿ ಮನೆಮನೆಗೆ ಮುಟ್ಟಿಸಿದರು. ನಿಮ್ಮ ಊರಿನಲ್ಲಿ ಏನು ಕೇಳುತ್ತದೆ? ಸೋಬಾನೆ ಹೇಳುವ ಅಜ್ಜಿ ಇದ್ದಾರೆಯೇ? ಭಜನೆಯ ಮನೆ, ಡೊಳ್ಳಿನ ತಂಡ, ಮೊಹರಮ್ಮಿನ ಪದ, ಚರ್ಚಿನ ಹಾಡು, ಯಕ್ಷಗಾನದ ಮೇಳ? ವಾರಕ್ಕೆ ಒಂದನ್ನು ಕೇಳಿ, ಎರಡು ಸಾಲನ್ನಾದರೂ ಸ್ವರ ಹಾಕಿ ಬರೆಯಿರಿ. ಸ್ವರ ಹಾಕಲು ಬಾರದಿದ್ದರೆ ಏರಿಳಿತದ ಗೀಟುಗಳನ್ನಾದರೂ ಹಾಕಿ. ಬರೆಯಲು ಕೂತಾಗ ಮಾತ್ರ ಕಿವಿ ನಿಜವಾಗಿ ಚುರುಕಾಗುತ್ತದೆ.

ಕೆಲಸದ ನಡುವೆ

"ಇದಕ್ಕೆಲ್ಲ ಹೊತ್ತೆಲ್ಲಿ ಮೇಡಂ?" ಅಂತ ನನ್ನ ವಿದ್ಯಾರ್ಥಿ ಕೇಳಿದ. ನ್ಯಾಯವಾದ ಪ್ರಶ್ನೆ. ಹಾಡಿಕೊಂಡೇ ಹೊಟ್ಟೆ ಹೊರೆಯುವವರಿಗೆ ಪಾಠ, ರಿಹರ್ಸಲ್, ಪ್ರಯಾಣ. ನೌಕರಿ ಇರುವವರಿಗೆ ನೌಕರಿ. ಅವನಿಗೆ ಎರಡು ಹೆಸರು ಹೇಳಿದೆ. ಸಿ. ಅಶ್ವತ್ಥ್ ಬಹುಕಾಲ ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರಿಯಲ್ಲಿದ್ದವರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದವರು. ನಮ್ಮ ಸುಗಮ ಸಂಗೀತ ಬೆಳೆದದ್ದೇ ಹೀಗೆ ದುಡಿಯುವ ಜನರ ಸಂಜೆಗಳಲ್ಲಿ.

ಇಡೀ ಭಾನುವಾರ ಸಿಗಲಿ, ಆಮೇಲೆ ಕೂರುತ್ತೇನೆ ಎಂದರೆ ಆ ಭಾನುವಾರ ಬರುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಒಂದೇ ಹೊತ್ತಿಗೆ ಇರಲಿ. ಐದು ನಿಮಿಷ ಶ್ರುತಿ ಹಿಡಿದು ಷಡ್ಜದಲ್ಲಿ ನಿಲ್ಲಿ. ಹತ್ತು ನಿಮಿಷ ಒಂದೇ ಸಾಲಿನ ಮೇಲೆ ಕೆಲಸ. ಉಳಿದ ಐದು ನಿಮಿಷ ಆವತ್ತು ಮಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ತಾರೀಖು ಮತ್ತು ನಡೆ ಹೇಳಿ ಇಟ್ಟುಬಿಡಿ. "ಏಪ್ರಿಲ್ 4, ಐದರ ನಡೆ, ಕಪ್ಪು ಎರಡು" ಅಂತ. ವಾರಕ್ಕೊಮ್ಮೆ, ಬಸ್ಸಿನಲ್ಲಿ ಹೋಗುವಾಗಲೋ ಅಡುಗೆ ಮಾಡುವಾಗಲೋ ಏಳನ್ನೂ ಕೇಳಿ. ಹಾಡಿದ ಹೊತ್ತಿನಲ್ಲಿ ಏನೂ ಅಲ್ಲವೆನಿಸಿದ್ದು ವಾರದ ನಂತರ ಬೇರೆಯವರ ಹಾಡಿನಂತೆ ಕೇಳಿಸುತ್ತದೆ. ಆಗ ಅದರ ಗುಣವೂ ಕಾಣುತ್ತದೆ, ದೋಷವೂ ಕಾಣುತ್ತದೆ.

ಕಾರ್ಯಕ್ರಮಗಳನ್ನೂ ಬರೀ ಸಂಭಾವನೆಯ ಲೆಕ್ಕದಲ್ಲಿ ನೋಡಬೇಡಿ. ನೂರು ಸಲ ಹಾಡಿದ ಹಾಡನ್ನು ನೂರೊಂದನೆಯ ಸಲ ಹಾಡುವಾಗ ಒಂದು ಸಣ್ಣ ಕೆಲಸ ಇಟ್ಟುಕೊಳ್ಳಿ. ಇವತ್ತು ಎರಡನೆಯ ಚರಣವನ್ನು ಮಂದ್ರದಲ್ಲಿ ಎತ್ತಿಕೊಳ್ಳುತ್ತೇನೆ, ಇವತ್ತು ಆ ಪದವನ್ನು ಕಾಲು ಮಾತ್ರೆ ತಡವಾಗಿ ಹಿಡಿಯುತ್ತೇನೆ, ಹೀಗೆ. ತಬಲಾದವರ ಜೊತೆ ಮಾತಾಡಿ. ನಾನು ವರ್ಷಗಟ್ಟಲೆ ದಾದ್ರಾದಲ್ಲಿ ಹಾಡುತ್ತಿದ್ದ ಒಂದು ಗೀತೆಗೆ ಒಂದು ದಿನ ನಮ್ಮ ತಬಲಾದವರು ರಿಹರ್ಸಲ್‌ನಲ್ಲಿ ಠೇಕಾ ತುಂಬಿಸದೆ ಬರೀ ಸಮಕ್ಕೆ ಒಂದು ಪೆಟ್ಟು ಕೊಟ್ಟು ಸುಮ್ಮನಾದರು. ನಡುವೆ ಉಂಟಾದ ಆ ಖಾಲಿಯಲ್ಲಿ ನನ್ನ ದನಿ ತಾನಾಗಿ ನಿಧಾನವಾಯಿತು. ಜೋಗುಳದಂತಿದ್ದ ಹಾಡು ಪ್ರಾರ್ಥನೆಯಾಯಿತು. ಅಂದಿನಿಂದ ನಾವು ಅದನ್ನು ಹಾಗೆಯೇ ಹಾಡುತ್ತಿದ್ದೇವೆ.

ಏನೂ ಹೊಳೆಯದ ದಿನ

ಇಷ್ಟೆಲ್ಲ ಮಾಡಿದರೂ ಬರಡು ದಿನಗಳು ಬರುತ್ತವೆ. ತಿಂಗಳುಗಟ್ಟಲೆ ಬರಬಹುದು. ಆಗ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಹೊಲಕ್ಕೂ ಒಂದು ಬೆಳೆ ಬಿಟ್ಟು ಬಿಡುವು ಕೊಡುತ್ತೇವೆ. ಆದರೆ ಬಿಡುವು ಕೊಟ್ಟ ಹೊಲವನ್ನೂ ರೈತ ಉಳುತ್ತಾನೆ.

ಆ ದಿನಗಳಲ್ಲಿ ಹೊಸದನ್ನು ಮಾಡುವ ಹಟ ಬಿಟ್ಟು ಹಳೆಯದನ್ನು ನಕಲು ಮಾಡಿ. ನಿಮಗೆ ಪ್ರಿಯವಾದ ಒಂದು ಧಾಟಿಯನ್ನು ಆರಿಸಿ ಸ್ವರ ಸ್ವರವಾಗಿ ಬರೆದುಕೊಳ್ಳಿ. ಪಲ್ಲವಿ ಎಲ್ಲಿ ಮುಗಿಯಿತು, ಚರಣ ಯಾವ ಸ್ವರದಲ್ಲಿ ಎತ್ತಿಕೊಂಡಿತು, ಮತ್ತೆ ಪಲ್ಲವಿಗೆ ಯಾವ ಮೆಟ್ಟಿಲಿಂದ ಇಳಿದು ಬಂತು, ನಡುವಿನ ವಾದ್ಯಸಂಗೀತ ಚರಣದ ಯಾವ ಸ್ವರವನ್ನು ಮುಂಚೆಯೇ ಸೂಚಿಸಿತು, ಇವನ್ನೆಲ್ಲ ಗುರುತು ಹಾಕಿ. ಅನಂತಸ್ವಾಮಿಯವರ ಒಂದು, ಅಶ್ವತ್ಥರ ಒಂದು ಎಂದು ಹತ್ತು ಧಾಟಿಗಳನ್ನು ಹೀಗೆ ಬಿಡಿಸಿದವರಿಗೆ ಹನ್ನೊಂದನೆಯದು ತಮ್ಮದೇ ಆಗಿ ಬರುವ ಸಂಭವ ಹೆಚ್ಚು. ಇನ್ನೊಂದು ದಾರಿ, ನಿಮ್ಮ ಶೈಲಿಗೆ ಹೊರಗಿನದನ್ನು ಕೇಳುವುದು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಕೇಳಿ. ತಾಳಬದ್ಧವಲ್ಲದ ಗದ್ಯದಂಥ ಮಾತು ರಾಗದೊಳಗೆ ಹೇಗೆ ನೆಲೆ ಕಂಡುಕೊಳ್ಳುತ್ತದೆ ಎಂಬುದು ಅಲ್ಲಿ ಕಲಿಯಲು ಸಿಗುತ್ತದೆ.

ಋಣ ಹೇಳುವುದು

ಕೊನೆಯದಾಗಿ ಒಂದು ಶಿಸ್ತಿನ ಮಾತು. ಕೇಳಿಸಿಕೊಂಡು ಮಾಡುವ ಕೆಲಸದಲ್ಲಿ ಎರವಲು ಇದ್ದೇ ಇರುತ್ತದೆ. ಅದರಲ್ಲಿ ನಾಚಿಕೆಯಿಲ್ಲ, ಮುಚ್ಚಿಡುವುದರಲ್ಲಿ ಇದೆ. ಹೊಸ ಧಾಟಿ ಸಿದ್ಧವಾದ ಮೇಲೆ ನಿಮಗಿಂತ ಹೆಚ್ಚು ಹಾಡು ಕೇಳಿರುವ ಇಬ್ಬರಿಗೆ ಕೇಳಿಸಿ, "ಇದು ಯಾವುದನ್ನಾದರೂ ಹೋಲುತ್ತದೆಯೇ?" ಅಂತ ನೇರವಾಗಿ ಕೇಳಿ. ಪೂರ್ತಿ ಹೋಲುತ್ತಿದ್ದರೆ ಬಿಟ್ಟುಕೊಡಿ. ಜನಪದದ ಧಾಟಿ ಆಧಾರವಾಗಿದ್ದರೆ ಯಾವ ಊರಿನದು, ಯಾರಿಂದ ಕೇಳಿದ್ದು ಎಂದು ಹೇಳಿ. ಕವಿಗಳಿಂದ, ಅವರಿಲ್ಲದಿದ್ದರೆ ಹಕ್ಕುಳ್ಳ ಅವರ ಮನೆಯವರಿಂದ ಒಪ್ಪಿಗೆ ಪಡೆಯಿರಿ. ವೇದಿಕೆಯಲ್ಲಿ ಹಾಡುವ ಮುನ್ನ ಕವಿಯ ಹೆಸರನ್ನು ತಪ್ಪದೆ ಹೇಳಿ. ಹೀಗೆ ಹೇಳುವ ಅಭ್ಯಾಸ ಇರುವವರ ಕಿವಿ ಇನ್ನಷ್ಟು ಪ್ರಾಮಾಣಿಕವಾಗುತ್ತದೆ ಎಂಬುದು ನನ್ನ ಅನುಭವ. ಯಾವುದು ನನ್ನದು, ಯಾವುದು ನನಗೆ ಸಿಕ್ಕಿದ್ದು ಎಂದು ಬೇರ್ಪಡಿಸಿ ಕೇಳುವುದು ರೂಢಿಯಾಗುತ್ತದೆ.

ಇವತ್ತು ಸಂಜೆ ನೀವು ಮಾಡಬೇಕಾದದ್ದು ಇಷ್ಟೆ. ನಿಮಗಿಷ್ಟವಾದ, ಯಾರೂ ಹೆಚ್ಚು ಹಾಡಿರದ ಒಂದು ಕವಿತೆ ಆರಿಸಿ. ಅದರ ಎರಡೇ ಸಾಲನ್ನು ಗಟ್ಟಿಯಾಗಿ ಓದಿ. ಮಾತ್ರೆ ಎಣಿಸಿ. ಹಾರ್ಮೋನಿಯಂ ಪೆಟ್ಟಿಗೆಯನ್ನು ಮಾತ್ರ ಇನ್ನೂ ಮೂರು ದಿನ ತೆರೆಯಬೇಡಿ.

ಆ ಬ್ಯಾಂಕಿನ ಹುಡುಗ ನಾಲ್ಕು ತಿಂಗಳ ನಂತರ ಒಂದು ಧಾಟಿ ತಂದ. ಏಳರ ನಡೆ. ಪಲ್ಲವಿಯಲ್ಲಿ ನಾಲ್ಕೇ ಸ್ವರ, ಚರಣದಲ್ಲಿ ಐದನೆಯದು ಬಂದು ಸೇರುತ್ತಿತ್ತು. ಎಲ್ಲಿಂದ ಸಿಕ್ಕಿತಪ್ಪಾ ಎಂದೆ. ಅವನ ಅಜ್ಜಿ ಅಕ್ಕಿ ಆರಿಸುವಾಗ ಪದವಿಲ್ಲದೆ ಗುನುಗುತ್ತಿದ್ದ ಒಂದು ಎಳೆ ಇತ್ತಂತೆ. ಚಿಕ್ಕಂದಿನಿಂದ ಕೇಳಿದ್ದು, ಗಮನಿಸಿದ್ದು ಮಾತ್ರ ಈ ವರ್ಷ. "ಪಲ್ಲವಿ ನಮ್ಮಜ್ಜಿದು ಮೇಡಂ, ಚರಣ ನಂದು" ಅಂದ. ಮುಂದಿನ ಕಾರ್ಯಕ್ರಮದಲ್ಲಿ ಹಾಡುವ ಮುಂಚೆ ಈ ಮಾತನ್ನು ಹೀಗೆಯೇ ಮೈಕಿನಲ್ಲಿ ಹೇಳು ಎಂದೆ. ಹೇಳಿದ. ಅಜ್ಜಿ ಎರಡನೆಯ ಸಾಲಿನಲ್ಲಿ ಕೂತಿದ್ದರು.